ಬರಿದಾದ ಟ್ಯಾಂಕಿನ ಭಯ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಓದುಗರೊಬ್ಬರು ಸೊಗಸಾದ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅವರ ಕಾಫಿತೋಟದ ಹಳೆಯ ಡೀಸೆಲ್ ಜೀಪಿನ ಪೈಪು ಬಿಚ್ಚಿ ಏರ್ ಲಾಕ್ ತೆಗೆಯುವಾಗ ಬಾಯಲ್ಲಿ ಬೀಡಿಯಿಟ್ಟುಕೊಂಡೇ ಕೆಲಸಮಾಡುವ ಮೆಕ್ಯಾನಿಕ್ಕು, ಮಗನ ಪೆಟ್ರೋಲ್ ಕಾರು ಬಂದೊಡನೆ ಬೀಡಿಯನ್ನು ಹೊಸಕಿಹಾಕಿ ಕಾರನ್ನು ಬಯಲಿಗೆ ತಳ್ಳಿಸುತ್ತಾನಂತೆ. ಎರಡೂ ಒಂದೇ ಕಚ್ಚಾತೈಲದ ಸಂತಾನವಾಗಿರಲು ಈ ಪಂಕ್ತಿಭೇದವೇಕೆ ಎಂಬುದು ಅವರ ಸಂಶಯ.

ಪೆಟ್ರೋಲಾಗಲಿ ಡೀಸೆಲಾಗಲಿ ದ್ರವರೂಪದಲ್ಲಿ ಉರಿಯುವುದಿಲ್ಲ. ಅದರ ಮೇಲ್ಮೈಯಿಂದೆದ್ದ ಆವಿಯು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಉರಿಯುವುದು ಆ ಮಿಶ್ರಣವೇ. ಯಾವ ಉಷ್ಣತೆಯಲ್ಲಿ ಇಷ್ಟು ಆವಿ ಏಳುತ್ತದೆಂಬುದನ್ನು ನಂಬಿಕೆಗೆ ಅರ್ಹವಾಗುವಂತೆ ಅಳೆದು ತೋರಿಸಿದ ಕೀರ್ತಿ, ಬ್ರಿಟಿಷ್ ಸೇನಾ ಇಲಾಖೆಯ ರಸಾಯನಶಾಸ್ತ್ರಜ್ಞನೂ, ಮುಂದೆ 1889ರಲ್ಲಿ ಡ್ಯೂವರ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞನೊಡಗೂಡಿ ಕಾರ್ಡೈಟ್ ಎಂಬ ಸಿಡಿಮದ್ದನ್ನು ನಿರ್ಮಿಸಿದವನೂ ಆದ ಫ್ರೆಡರಿಕ್ ಏಬಲನಿಗೆ ಸಲ್ಲತಕ್ಕದ್ದು. ಆ ಕಾಲದಲ್ಲಿ ಹಗುರವಾದ ನಾಫ್ತಾ ಬೆರೆತ ದೀಪದೆಣ್ಣೆ ಮನೆಮನೆಗಳಲ್ಲಿ ಸಿಡಿಯುತ್ತಿತ್ತು. ಎಣ್ಣೆಯನ್ನು ತೆರೆದ ಬಟ್ಟಲಿನಲ್ಲಿ ಕಾಯಿಸಿ ಪರೀಕ್ಷಿಸುವ ಪದ್ಧತಿಯಲ್ಲಿ ಬೀಸುವ ಗಾಳಿಯೇ ಆವಿಯನ್ನು ಕದ್ದೊಯ್ಯುತ್ತಿದ್ದುದರಿಂದ ಒಬ್ಬೊಬ್ಬ ಪರೀಕ್ಷಕನಿಗೆ ಒಂದೊಂದು ಅಂಕಿ ದೊರೆಯುತ್ತಿತ್ತು. ಏಬಲ್ ಮಾಡಿದ್ದು ಇಷ್ಟೇ: ಬಟ್ಟಲಿಗೆ ಮುಚ್ಚಳ ಹಾಕಿದ, ಮೆಲ್ಲಗೆ ಕಾಯಿಸಿದ, ಮುಚ್ಚಳದ ಸಣ್ಣ ಕಿಂಡಿಯನ್ನು ಆಗಾಗ ಸರಿಸಿ ಪುಟ್ಟ ಜ್ವಾಲೆಯೊಂದನ್ನು ಒಳಗೆ ಇಳಿಸಿ ನೋಡಿದ, ನೀಲಿಯ ಮಿಂಚೊಂದು ಹಾಯ್ದ ಉಷ್ಣತೆಯೇ ಆ ಎಣ್ಣೆಯ ಜ್ವಲನಾಂಕ. 1879ರ ಬ್ರಿಟಿಷ್ ಶಾಸನವು ಈ ಮುಚ್ಚಿದ ಬಟ್ಟಲಿನ 73 ಡಿಗ್ರಿ ಫ್ಯಾರನ್‌ಹೀಟನ್ನು ಅಪಾಯದ ಎಲ್ಲೆಯೆಂದು ಅಂಗೀಕರಿಸಿತು. ಅದು ಸರಿಸುಮಾರು 23 ಡಿಗ್ರಿ ಸೆಲ್ಸಿಯಸ್. ನಮ್ಮ 1934ರ ಪೆಟ್ರೋಲಿಯಂ ಕಾಯಿದೆಯಲ್ಲಿ ‘ಎ’ ವರ್ಗದ ಎಣ್ಣೆಗಳಿಗೆ ಇಂದಿಗೂ ಇರುವ ಗೆರೆ ಇದೇ.

ಡೀಸೆಲಿನ ಜ್ವಲನಾಂಕ ಕನಿಷ್ಠ 35 ಡಿಗ್ರಿಯಿರಬೇಕೆಂದು ಭಾರತೀಯ ಮಾನಕ ವಿಧಿಸುತ್ತದೆ. ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನದವರು ಹುರಿದುಂಬಿಸುವ ಹೊಂಗೆ ಬಯೋಡೀಸೆಲಿನದಾದರೋ ನೂರು ಡಿಗ್ರಿಗೂ ಮೇಲು. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಎಂದರೆ ಮಲೆನಾಡಿನ ಮಾಗಿಯ ಚಳಿಯಲ್ಲಿಯೂ ಅದು ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಹಾಗೆಂದು ಬೀಡಿ ಸೇದುವ ಮೆಕ್ಯಾನಿಕ್ಕನ್ನು ನಾನು ಸಮರ್ಥಿಸಲಾರೆ: ಕಾದ ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಿದ ಡೀಸೆಲು ಕಿಡಿಯ ಹಂಗಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳಬಲ್ಲುದು.

ಪೆಟ್ರೋಲಿನ ಆವಿ ಗಾಳಿಯಲ್ಲಿ ಶೇಕಡ 1.4ಕ್ಕಿಂತ ಕಡಿಮೆಯಿದ್ದರೂ, ಸುಮಾರು 7.6ನ್ನು ಮೀರಿದರೂ ಹೊತ್ತದು. ತುಂಬಿದ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಈ ಮೇರೆಯನ್ನು ಮೀರಿರುತ್ತದೆ. ಬರಿದು ಮಾಡಿ ಬಿಸಿಲಿಗಿಟ್ಟ ಟ್ಯಾಂಕಿನಲ್ಲಿ, ತಗಡಿನ ಮಡಿಕೆಗಳಲ್ಲಿ ಉಳಿದ ಪಸೆಯೇ ನಡುವಣ ಪ್ರಮಾಣವನ್ನು ಒದಗಿಸುತ್ತದೆ. ಖಾಲಿಯಲ್ಲವೇ ಎಂಬ ಧೈರ್ಯದಿಂದ ತೂತು ಮುಚ್ಚಲು ಅದನ್ನು ವೆಲ್ಡಿಂಗಿಗೆ ಕೊಡುವುದಕ್ಕಿಂತ ಹೊಸ ಟ್ಯಾಂಕನ್ನು ಕೊಳ್ಳುವುದೇ ಅಗ್ಗ.

ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ತೂಬು ತೆಗೆದ ಕೆರೆಯ ನೀರು ಗದ್ದೆಯಿಂದ ಗದ್ದೆಗೆ ತಗ್ಗನ್ನರಸುತ್ತ ಇಳಿಯುವಂತೆ ಅದು ನೆಲವನ್ನು ಹಿಡಿದು ಹರಿದು, ರಿಪೇರಿಯ ಗುಂಡಿಯಲ್ಲಿ ಮಡುಗಟ್ಟಿ, ಎಷ್ಟೋ ದೂರದ ಟೀ ಒಲೆಯನ್ನು ಮುಟ್ಟಿ, ಬಂದ ದಾರಿಯಲ್ಲೇ ಬೆಂಕಿಯಾಗಿ ಹಿಂದಿರುಗೀತು. ಆದುದರಿಂದಲೇ ಬಯಲು ಬೇಕು, ಗುಂಡಿ ಬೇಡ. ಅದನ್ನು ಹೊತ್ತಿಸಲು ಬೇಕಾದ ಕಿಡಿಯೂ ಅತ್ಯಲ್ಪ, ಒಂದು ಮಿಲಿಜೂಲಿನ ಮೂರರಲ್ಲೊಂದು ಭಾಗ ಸಾಕು. ಬೆರಳಿಗೆ ಚುರುಕೆನ್ನುವ ಸ್ಥಿರವಿದ್ಯುತ್ತಿನ ಕಿಡಿ ಇದಕ್ಕಿಂತ ದೊಡ್ಡದು. ಬಂಕುಗಳಲ್ಲಿ ಮೊಬೈಲಿನ ಮೇಲೆ ಹೊರಿಸುವ ಅಪವಾದಗಳಿಗಿಂತ, ಸೀಟಿನ ಮೇಲೆ ಜಾರಿ ಇಳಿದವನ ನೈಲಾನ್ ಅಂಗಿಯ ಮೇಲೆ ನನ್ನ ಗುಮಾನಿ ಹೆಚ್ಚು.

ಕೆಲಸದ ಅನುಕ್ರಮವೂ ಇದರಿಂದಲೇ ಹುಟ್ಟುತ್ತದೆ. ಇಂಜೆಕ್ಟರಿರುವ ಪೆಟ್ರೋಲ್ ಕಾರಿನ ಪೈಪಿನಲ್ಲಿ ಎಂಜಿನ್ ನಿಂತ ಮೇಲೂ ಸುಮಾರು ಮೂರು ಬಾರ್ ಒತ್ತಡ ಉಳಿದಿರುವುದರಿಂದ, ಮೊದಲು ಪಂಪಿನ ಫ್ಯೂಸು ಕಿತ್ತು ಎಂಜಿನ್ನು ತಾನಾಗಿ ಆರುವವರೆಗೆ ಓಡಿಸಿ, ಅದು ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬಳಿಕವೇ ಬಟ್ಟೆ ಸುತ್ತಿದ ಕೈಯಿಂದ ಪೈಪಿನ ಕ್ಲಿಪ್ಪನ್ನು ಸಡಿಲಿಸಬೇಕು. ಪೈಪು ಬಿಚ್ಚಿದ ಮೇಲೆ ಬ್ಯಾಟರಿಯನ್ನು ನೆನೆದು ಕಳಚಹೋದರೆ ಆ ಟರ್ಮಿನಲ್ಲಿನ ಕಿಡಿಯೇ ಸಾಕು.

ಹೊಸ ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಬೆಂಕಿಗಿಂತ ಒತ್ತಡವೇ ಘೋರ. ಹಳೆಯ ಜೀಪಿನಂತೆ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರಿನ ನಟ್ಟು ಸಡಿಲಿಸುವುದು ಇಲ್ಲಿ ಸಲ್ಲದು. 1600 ಬಾರ್‌ಗೂ ಏರಬಲ್ಲ ಒತ್ತಡದಿಂದ ಚಿಮ್ಮಿದ, ಕಣ್ಣಿಗೆ ಕಾಣದ ಡೀಸೆಲಿನ ಎಳೆಯು ಚರ್ಮವನ್ನು ಸೀಳಿ ಒಳಗೆ ಇಳಿಯುತ್ತದೆ. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡಿನಿಂದ ಹುಡುಕಬೇಕು. ಸೂಜಿ ಚುಚ್ಚಿದಷ್ಟೇ ಗಾಯವಾಗಿ ನೋವು ಕಾಣದಿದ್ದರೂ ಮರುದಿನಕ್ಕೆ ಮುಂದೂಡದೆ ಆ ಕ್ಷಣವೇ ಹಾಸನಕ್ಕೆ ಹೊರಟು, ಶಸ್ತ್ರವೈದ್ಯರಿಗೆ ಒಳಹೊಕ್ಕಿರುವುದು ಡೀಸೆಲೆಂದು ತಿಳಿಸತಕ್ಕದ್ದು.