ಹತ್ತು ಸಾವಿರದ ಅಂತರ

ರಬಕವಿಯ ಸೀರೆ ಅಂಗಡಿಯ ಗಾದಿಯ ಮೇಲೆ ಎರಡು ಕೊಟೇಶನ್ ಕಾಗದ ಬಿದ್ದಿದ್ದವು. ಒಂದು ಲೆನೊವೊ ಥಿಂಕ್‌ಪ್ಯಾಡಿನದು, ಇನ್ನೊಂದು ಡೆಲ್ ಲ್ಯಾಟಿಟ್ಯೂಡಿನದು. ಎರಡೂ 14 ಇಂಚಿನವು, ಎರಡಕ್ಕೂ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ದುಂಡು ಅಂಕಿಯಲ್ಲಿ ಹೇಳುವುದಾದರೆ, ತೆರಿಗೆ ಬಿಟ್ಟು ಮೊದಲನೆಯದಕ್ಕೆ ₹50,000, ಎರಡನೆಯದಕ್ಕೆ ₹60,000.

"ಅಕ್ಕಾರ, ಎರಡೂ ಚಲೋ ಕಂಪನಿನ. ಒಂದು ಹತ್ತ ಸಾವಿರ ಕಮ್ಮಿ ಐತಿ. ಇದರಾಗ ಇಚಾರ ಮಾಡೂದು ಏನೈತಿ?" ಅಂದರು ಸಾಹುಕಾರರು.

"ಒಂದ ದಿನ ತಡೀರಿ ಅಣ್ಣಾರ, ಈ ಕಾಗದ ಮನಿಗೆ ಒಯ್ದು ಓದಿ ಹೇಳ್ತೀನಿ" ಅಂದೆ.

ನಾನು ಬನಹಟ್ಟಿಯವಳು, ನೇಕಾರರ ಮನೆಯ ಮಗಳು. ರಬಕವಿಯ ಸೀರೆ ವ್ಯಾಪಾರಿಗಳು, ಜಮಖಂಡಿಯ ಗೊಬ್ಬರದ ಅಂಗಡಿಯವರು, ಮುಧೋಳದಲ್ಲಿ ಕಬ್ಬಿನ ಗಾಡಿ ಓಡಿಸುವವರು, ಬೀಳಗಿಯ ಕಿರಾಣಿಯವರು, ಹೀಗೆ ಹಲವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಉದ್ಯೋಗ. ಲ್ಯಾಪ್‌ಟಾಪ್ ಕೊಳ್ಳುವಾಗ ಇವರೆಲ್ಲ ನನ್ನನ್ನು ಒಂದು ಮಾತು ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲಂತೂ ಹಳೆಯ ಯಂತ್ರ ಬದಲಿಸುವವರ ಫೋನು ಹೆಚ್ಚಾಗಿದೆ.

ಆ ರಾತ್ರಿ ಕಾಗದ ಓದಿದೆ. ಕಡಿಮೆ ಬೆಲೆಯ ಕೊಟೇಶನ್ನಿನಲ್ಲಿ ಸಣ್ಣ ಅಕ್ಷರದಲ್ಲಿ 'ಡಾಸ್' ಎಂದಿತ್ತು. ಅಂದರೆ ಯಂತ್ರದ ಜೊತೆ ವಿಂಡೋಸ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ವಾರಂಟಿ ಒಂದು ವರ್ಷ, ಅದೂ ನಾವೇ ಸೇವಾ ಕೇಂದ್ರಕ್ಕೆ ಹೊತ್ತೊಯ್ದು ಕೊಡುವಂಥದ್ದು. ಇನ್ನೊಂದರಲ್ಲಿ ವಿಂಡೋಸ್ 11 ಪ್ರೊ ಸೇರಿತ್ತು. ಮೂರು ವರ್ಷ ಕಂಪನಿಯ ಮೆಕ್ಯಾನಿಕ್ ಅಂಗಡಿಗೇ ಬಂದು ರಿಪೇರಿ ಮಾಡುವ ವಾರಂಟಿಯೂ ಇತ್ತು. ಮರುದಿನ ಮಾರಾಟಗಾರರಿಗೆ ಫೋನ್ ಮಾಡಿ, ಥಿಂಕ್‌ಪ್ಯಾಡಿಗೂ ಇವೆರಡನ್ನು ಸೇರಿಸಿ ಹೊಸ ಕೊಟೇಶನ್ ಕಳಿಸಿರಿ ಅಂದೆ. ₹61,500 ಎಂದು ಬಂತು. ಹತ್ತು ಸಾವಿರ ಅಗ್ಗವಾಗಿದ್ದದ್ದು ಸಾವಿರದೈನೂರು ತುಟ್ಟಿಯಾಗಿತ್ತು.

ಇದರಲ್ಲಿ ಮೋಸವೇನೂ ಇಲ್ಲ. ಇದೇ ಮಾರಾಟಗಾರರು ಲ್ಯಾಟಿಟ್ಯೂಡನ್ನು ಡಾಸ್‌ನಲ್ಲಿ ಕೊಟ್ಟು ಥಿಂಕ್‌ಪ್ಯಾಡನ್ನು ವಿಂಡೋಸ್ ಸಮೇತ ಕೊಟ್ಟಿದ್ದರೆ ಲೆಕ್ಕ ತಿರುಗಾಮುರುಗಾ ಆಗುತ್ತಿತ್ತು. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನಮ್ಮವರು ಪೆಂಟಿಯ ಹೊರಬಣ್ಣ ನೋಡಿ ದರ ಕಟ್ಟುವುದಿಲ್ಲ, ಒಡೆದು ನೋಡುತ್ತಾರೆ. ಅದೇ ಮಂದಿ ಲ್ಯಾಪ್‌ಟಾಪ್ ಕೊಟೇಶನ್ನಿನಲ್ಲಿ ಕೊನೆಯ ಅಂಕಿಯನ್ನಷ್ಟೇ ನೋಡುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೆ.

ತೆರಿಗೆಯನ್ನೂ ಸೇರಿಸಿ ನೋಡಬೇಕು. ಲ್ಯಾಪ್‌ಟಾಪಿಗೆ ಶೇ 18 ಜಿಎಸ್‌ಟಿ. ಸಾಮಾನ್ಯ ನೋಂದಣಿ ಇರುವ ವ್ಯಾಪಾರಿ ತನ್ನ ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಮಾಡಿಸಿದರೆ, ₹60,000ದ ಮೇಲಿನ ₹10,800 ಹೂಡುವಳಿ ತೆರಿಗೆಯಾಗಿ ಅವನ ಖಾತೆಗೆ ಜಮೆಯಾಗುತ್ತದೆ. ಆ ತೆರಿಗೆಯನ್ನೂ ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಶೇ 40ರ ಸವಕಳಿ ಸಿಗುವುದು ಉಳಿದ ಮೊತ್ತದ ಮೇಲೆ. ಬೀಳಗಿಯ ಕಿರಾಣಿಯವರು ಕಾಂಪೋಸಿಶನ್ ಪದ್ಧತಿಯಲ್ಲಿದ್ದಾರೆ, ಅವರಿಗೆ ಈ ಜಮೆ ಇಲ್ಲ. ಅವರ ಪಾಲಿಗೆ ಅದೇ ಯಂತ್ರ ₹70,800. ಆನ್‌ಲೈನಿನಲ್ಲಿ ಕೊಳ್ಳುವವರು ಜಿಎಸ್‌ಟಿ ನಂಬರನ್ನು ಆರ್ಡರ್ ಒತ್ತುವ ಮೊದಲೇ ತುಂಬಬೇಕು. ಬಿಲ್ಲು ಬಂದ ಮೇಲೆ ತಿದ್ದಿಸುವ ಪಾಡು ಬೇಡ.

ವಾರಂಟಿಯ ಮೇಲೆ ನಾನು ಇಷ್ಟು ಒತ್ತುವುದಕ್ಕೆ ಕಾರಣವಿದೆ. 2022ರ ನವೆಂಬರ್ 17. ಮನೆಬಳಕೆಗೆಂದು ಮಾರುವ, ಕಡಿಮೆ ಬೆಲೆಯ ಲ್ಯಾಪ್‌ಟಾಪೊಂದು ಆಗ ನನ್ನಲ್ಲಿತ್ತು. ನಮ್ಮ ಮಗ್ಗದ ಮನೆಯ ಪಕ್ಕದ ಕೋಣೆಯೇ ನನ್ನ ಆಫೀಸು. ಪವರ್‌ಲೂಮಿನಿಂದ ಏಳುವ ನೂಲಿನ ಧೂಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಲ್ಯಾಪ್‌ಟಾಪಿನ ಫ್ಯಾನು ಅದನ್ನು ದಿನವಿಡೀ ಒಳಗೆ ಎಳೆಯುತ್ತದೆ. ಬಿಸಿ ಹೊರಹೋಗುವ ಸಣ್ಣ ಸಂದಿಗಳಲ್ಲಿ ಅದು ಅರಿವೆಯ ಹಾಗೆ ಹೆಣೆದುಕೊಂಡು ಕೂರುತ್ತದೆ. ಅಂದು ಯಂತ್ರ ಬಿಸಿಯೇರಿ ಆರಿತು, ಮತ್ತೆ ಹತ್ತಲಿಲ್ಲ. 20ನೇ ತಾರೀಖಿಗೆ ಜಿಎಸ್‌ಟಿಆರ್-3ಬಿ ತುಂಬುವುದಿತ್ತು. ಕೊಂಡ ಅಂಗಡಿಗೆ ಒಯ್ದು ಕೊಟ್ಟೆ, ಅವರು ಸೇವಾ ಕೇಂದ್ರಕ್ಕೆ ಕಳಿಸಿದರು. ಕೈಗೆ ಬಂದದ್ದು 19 ದಿನಗಳ ಮೇಲೆ. ಲೆಕ್ಕದ ತಂತ್ರಾಂಶ ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಇದ್ದುದರಿಂದ ಗೆಳತಿಯ ಕಂಪ್ಯೂಟರಿನಲ್ಲಿ ಕುಳಿತು ಒಂದಷ್ಟು ತುಂಬಿದೆ. ಉಳಿದವರ ದಂಡವನ್ನು, ದಿನಕ್ಕೆ ₹50ರಂತೆ, ನಾನೇ ಕಟ್ಟಿದೆ.

ಹಾಗಾಗಿ ನಮ್ಮೂರಿಗೆ ಯಂತ್ರ ಆರಿಸುವಾಗ ನಾನು ಮೊದಲು ಬೆನ್ನು ತಿರುಗಿಸಿ ನೋಡುತ್ತೇನೆ. ಕೆಳಗಿನ ಮುಚ್ಚಳ ಸಾಧಾರಣ ಸ್ಕ್ರೂಗಳಿಂದ ಬಿಚ್ಚಿ ಬರಬೇಕು, ಫ್ಯಾನು ಒರೆಸಲು ಕೈಗೆ ಸಿಗಬೇಕು, ಬ್ಯಾಟರಿ ಬದಲಿಸುವಂತಿರಬೇಕು. ಥಿಂಕ್‌ಪ್ಯಾಡಿಗಾಗಲಿ ಲ್ಯಾಟಿಟ್ಯೂಡಿಗಾಗಲಿ ಕಂಪನಿಗಳೇ ಬಿಚ್ಚುವ-ಜೋಡಿಸುವ ಕೈಪಿಡಿಯನ್ನು ಉಚಿತವಾಗಿ ಕೊಡುತ್ತವೆ. ಕಚೇರಿ ಬಳಕೆಯ ಯಂತ್ರಕ್ಕೆ ಹೆಚ್ಚು ಹಣ ಕೊಡುವುದು ಇಂಥದ್ದಕ್ಕೆ. ಡಬ್ಬಿಯ ಮೇಲೆ 'ಮಿಲ್-ಸ್ಟ್ಯಾಂಡರ್ಡ್ 810' ಎಂಬ ಸೈನ್ಯದ ಪರೀಕ್ಷೆಯ ಹೆಸರು ಇರುತ್ತದಲ್ಲ, ಅದನ್ನು ನಂಬಿ ಬಸ್ಸಿನಲ್ಲಿ ಎಸೆದಾಡಬೇಡಿ. ಅದು ವಾರಂಟಿ ಅಲ್ಲ. ಬಿದ್ದು ಒಡೆದರೆ, ಆಕಸ್ಮಿಕ ಹಾನಿಯ ರಕ್ಷಣೆಯನ್ನು ಬೇರೆ ಕೊಂಡಿರದಿದ್ದರೆ, ಖರ್ಚು ನಿಮ್ಮದೇ.

ಇವೆರಡರಲ್ಲಿ ಯಾವುದು ಮೇಲು? ಥಿಂಕ್‌ಪ್ಯಾಡ್ 1992ರಲ್ಲಿ ಐಬಿಎಂ ತಂದದ್ದು, 2005ರಲ್ಲಿ ಲೆನೊವೊ ಪಾಲಾಯಿತು. ಅದರ ಕೀಲಿಗಳ ಮೆತ್ತನೆಯ ಆಳ ನನ್ನ ಬೆರಳಿಗೆ ಒಗ್ಗಿದೆ. ನುಡಿ ತಂತ್ರಾಂಶದಲ್ಲಿ ಪುಟಗಟ್ಟಲೆ ಕನ್ನಡ ಅರ್ಜಿ ಬರೆಯುವ ನನ್ನ ಸ್ವಂತದ ಯಂತ್ರ ಈಗ ಅದೇ. ಆದರೆ ಅದರ ಅನೇಕ ಮಾದರಿಗಳಲ್ಲಿ ಎಡ ಮೂಲೆಯಲ್ಲಿ ಕಂಟ್ರೋಲ್ ಕೀಲಿಯ ಬದಲು ಎಫ್‌ಎನ್ ಇರುತ್ತದೆ. ಟ್ಯಾಲಿಯಲ್ಲಿ ವೋಚರ್ ಉಳಿಸಲು ದಿನಕ್ಕೆ ನೂರಾರು ಸಲ ಕಂಟ್ರೋಲ್-ಎ ಒತ್ತುವವರಿಗೆ ಅದು ಕಾಡುತ್ತದೆ. ಸೆಟ್ಟಿಂಗಿನಲ್ಲಿ ಅದಲುಬದಲು ಮಾಡಬಹುದು, ಕೀಲಿಯ ಮೇಲಿನ ಅಕ್ಷರ ಮಾತ್ರ ಬದಲಾಗದು. ಲ್ಯಾಟಿಟ್ಯೂಡ್ 1994ರಿಂದ ಇರುವ ಹೆಸರು. 2025ರ ಜನವರಿಯಲ್ಲಿ ಡೆಲ್ ಆ ಹೆಸರು ಬಿಟ್ಟು 'ಡೆಲ್ ಪ್ರೊ' ಎಂದು ಕರೆಯುವುದಾಗಿ ಸಾರಿತು. ಈಗ ಲ್ಯಾಟಿಟ್ಯೂಡ್ ಎಂದು ಕೊಟೇಶನ್ ಬಂದರೆ ಹಿಂದಿನ ಸಾಲಿನ ಮಾಲು ಇರಬಹುದು. ತಪ್ಪೇನಿಲ್ಲ, ಅದಕ್ಕೆ ತಕ್ಕ ಬೆಲೆ ಇಳಿಸಿ ಕೇಳಬೇಕು. ಬೆನ್ನಿಗಿರುವ ಏಳು ಅಕ್ಷರದ ಸರ್ವಿಸ್ ಟ್ಯಾಗನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ವಾರಂಟಿ ಎಂದಿನಿಂದ ಎಂದಿನವರೆಗೆ ಎಂದು ನೋಡಿಕೊಳ್ಳಬೇಕು.

ಒಂದೇ ಹೆಸರಿನ ಯಂತ್ರದಲ್ಲಿ ಎರಡು ಮೂರು ಬಗೆಯ ಪರದೆ ಬರುತ್ತವೆ. ಬೆಳಕು ಎಷ್ಟು 'ನಿಟ್ಸ್' ಎಂದು ಕೇಳಿ. ಬಾಗಿಲು ತೆರೆದಿಟ್ಟ ನಮ್ಮ ಅಂಗಡಿಗಳಲ್ಲಿ 250 ಸಾಲದು, 300ಕ್ಕಿಂತ ಮೇಲಿರಲಿ. ಡಿಜಿಟಲ್ ಸಹಿಯ ಟೋಕನ್ ಹಾಕಲು ಹಳೆಯ ಅಗಲದ ಯುಎಸ್‌ಬಿ ಕಿಂಡಿ ಬೇಕು, ಪ್ರಿಂಟರಿಗೆ ಇನ್ನೊಂದು. 14 ಇಂಚಿನ ಇಂಥ ಯಂತ್ರಗಳಲ್ಲಿ ಬಲಗಡೆ ಅಂಕಿಗಳ ಕೀಲಿಮಣೆ ಇರುವುದಿಲ್ಲ. ಇದನ್ನು ಕೊಂಡ ಮೇಲೆ ಕಂಡು ಪೇಚಾಡಿದವರು ಮುಧೋಳದಲ್ಲಿ ಇಬ್ಬರಿದ್ದಾರೆ. ದಿನವಿಡೀ ಬಿಲ್ ಹೊಡೆಯುವವರು ದೊಡ್ಡ ಪರದೆಯದನ್ನು ನೋಡಬೇಕು, ಇಲ್ಲವೇ ಬೇರೆ ಯುಎಸ್‌ಬಿ ಕೀಪ್ಯಾಡ್ ಇಟ್ಟುಕೊಳ್ಳಬೇಕು.

ಸಾಹುಕಾರರ ಅಂಗಡಿಗೆ ಲ್ಯಾಟಿಟ್ಯೂಡ್ ತೆಗೆದುಕೊಂಡೆವು. ಟ್ಯಾಲಿ ನಡೆಸುವ ಅವರ ಮಗನ ಕೈಗೆ ಮೂಲೆಯ ಕಂಟ್ರೋಲ್ ಕೀಲಿ ರೂಢಿ, ಬೆಲೆಯೂ ಸಾವಿರದೈನೂರು ಕಡಿಮೆ.

ನೀವು ಕೊಟೇಶನ್ ತರಿಸುವಾಗ ಒಂದು ಕೆಲಸ ತಪ್ಪದೆ ಮಾಡಿ. ಬನಹಟ್ಟಿಯಾದರೆ 587311, ಜಮಖಂಡಿಯಾದರೆ 587301, ಹೀಗೆ ನಿಮ್ಮ ಪಿನ್‌ಕೋಡ್ ಬರೆದು, ಈ ಊರಿಗೆ ಮೆಕ್ಯಾನಿಕ್ ಬರುತ್ತಾರೋ, ಎಷ್ಟು ದಿನದೊಳಗೆ ಬರುತ್ತಾರೆ ಎಂದು ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳಿ.