ಗುಂಡ್ಯ ಹೊಳೆಯ ಕೆಂಪು ಕಡಲಲ್ಲಿ ಎಲ್ಲಿಗೆ ಸೇರುತ್ತದೆ?

ಮಳೆ ಹಿಡಿದು ನಾಲ್ಕು ದಿನವಾದರೆ ಸಾಕು, ಇಚಿಲಂಪಾಡಿಯಲ್ಲಿ ಗುಂಡ್ಯ ಹೊಳೆ ಕೆಂಪಾಗಿ ಹರಿಯುತ್ತದೆ. ಆ ನೀರು ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನ ಅಳಿವೆಯಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಆದರೆ ನೀರಿನಲ್ಲಿ ತೇಲುವ ಜೇಡಿಯ ಮುಖ್ಯ ಖನಿಜ ಬಿಳಿಯದು, ಅದರ ಹೆಸರು ಕೆಯೋಲಿನೈಟ್.

ಘಟ್ಟದ ಬುಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಇಲ್ಲಿಯ ನೈಸ್ ಬಂಡೆಯೊಳಗಿನ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲವನ್ನೂ ಆ ನೀರು ತೊಳೆದೊಯ್ಯುತ್ತದೆ. ಉಳಿದ ಅಲ್ಯುಮಿನಿಯಂ ಮತ್ತು ಸಿಲಿಕ ಕೂಡಿ ಕೆಯೋಲಿನೈಟ್ ಆಗುತ್ತದೆ. ತೊಳೆತ ಇನ್ನೂ ಮುಂದುವರಿದು ಸಿಲಿಕವೂ ಹೋದಲ್ಲಿ ಉಳಿಯುವುದು ಗಿಬ್ಸೈಟ್. ಬಾವಿ ತೋಡುವವರು ಕೆಯೋಲಿನೈಟನ್ನು ಕೈಯಲ್ಲೇ ಹಿಡಿದು ನೋಡಿದ್ದಾರೆ: ಮುರಕಲ್ಲು ಮುಗಿದ ಕೂಡಲೇ ಸಿಗುವ ಬಿಳಿ, ಹಳದಿ, ನಸುಗೆಂಪು ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಜರಿಯುತ್ತದೆ. ಅದರ ಜೇಡಿಯಲ್ಲಿ ಬಹುಪಾಲು ಕೆಯೋಲಿನೈಟೇ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಹಂಚಿನ ಕಾರ್ಖಾನೆಯೂ ಇಂಥ ಹೊಳೆಗಳು ತಂದು ಹರಡಿದ ಜೇಡಿಯನ್ನೇ ನಂಬಿತ್ತು.

ಉತ್ತರ ಕರ್ನಾಟಕದ ಎರೆಮಣ್ಣಿನ ಜೇಡಿ ಬೇರೆ ಜಾತಿ. ಕಪ್ಪು ಬಸಾಲ್ಟ್, ಕಡಿಮೆ ಮಳೆ. ಅಲ್ಲಿ ಹುಟ್ಟುವುದು ಸ್ಮೆಕ್ಟೈಟ್. ಅದರ ಪದರಗಳ ನಡುವೆ ನೀರು ನುಗ್ಗಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಕೆಯೋಲಿನೈಟಿನ ಪದರಗಳು ಹಾಗೆ ಬಾಯಿ ಬಿಡುವುದಿಲ್ಲ.

ಈ ವ್ಯತ್ಯಾಸ ಅಳಿವೆಯಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ಗಾಜಿನ ಲೋಟಗಳಲ್ಲಿ ಹೊಳೆಯ ಕೆಸರುನೀರು ತುಂಬಿ, ಒಂದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕದಡಿ. ಉಪ್ಪಿನ ಲೋಟ ಬೇಗ ತಿಳಿಯಾಗುತ್ತದೆ, ಇನ್ನೊಂದು ಬಹಳ ಹೊತ್ತು ಮಬ್ಬಾಗಿಯೇ ಇರುತ್ತದೆ. ಜೇಡಿಯ ಕಣಗಳು 2 ಮೈಕ್ರಾನಿಗಿಂತ ಚಿಕ್ಕವು. ಅವುಗಳ ಮೈಮೇಲಿನ ವಿದ್ಯುದಾವೇಶ ಒಂದನ್ನೊಂದು ದೂಡುತ್ತಿರುತ್ತದೆ, ಉಪ್ಪು ಆ ದೂಡುವಿಕೆಯನ್ನು ಅಡಗಿಸುತ್ತದೆ. ಕಣಗಳು ಗಂಟುಕಟ್ಟಿ ತಳ ಸೇರುತ್ತವೆ. ಕೆಯೋಲಿನೈಟ್ ಸ್ವಲ್ಪ ಉಪ್ಪಿಗೇ ಗಂಟುಕಟ್ಟುತ್ತದೆ, ಕಣವೂ ಸಾಮಾನ್ಯವಾಗಿ ದಪ್ಪ. ಹಾಗಾಗಿ ದಡದ ಹತ್ತಿರವೇ ಕೂರುತ್ತದೆ. ಸ್ಮೆಕ್ಟೈಟ್ ತೀರಾ ನವಿರು, ಪ್ರವಾಹ ಹಿಡಿದು ದೂರ ಹೋಗುತ್ತದೆ.

ಪಶ್ಚಿಮ ಕರಾವಳಿಯ ಕಡಲತಳದಲ್ಲಿ ಯಾವ ಜೇಡಿ ಯಾವ ನಾಡಿನಿಂದ ಬಂದದ್ದು ಎಂಬುದೂ ಸ್ಪಷ್ಟವಾಗಿ ಕಾಣುತ್ತದೆ. ಸಿಂಧೂ ನದಿಯ ಬಾಯಿಯ ಕಡೆ ಇಲೈಟ್ ಮತ್ತು ಕ್ಲೋರೈಟ್, ಹಿಮಾಲಯದ ಬಂಡೆಯ ಹುಡಿ. ನರ್ಮದೆ, ತಾಪಿಗಳ ಎದುರು ದಖ್ಖನಿನ ಸ್ಮೆಕ್ಟೈಟ್. ದಕ್ಷಿಣಕ್ಕೆ ಬಂದಂತೆ ನಮ್ಮ ಕೆಯೋಲಿನೈಟ್, ಗಿಬ್ಸೈಟ್ ಸೇರಿಕೊಳ್ಳುತ್ತವೆ. ಮುಂಗಾರಿನಲ್ಲಿ ಕರಾವಳಿಯ ಪ್ರವಾಹ ತೆಂಕಣಕ್ಕೆ ಹರಿಯುವುದರಿಂದ ಉತ್ತರದ ಸ್ಮೆಕ್ಟೈಟ್ ನಮ್ಮ ಎದುರಿನ ಕೆಸರಿಗೂ ಬೆರೆಯುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಎಕ್ಸ್-ರೇ ಹಾಯಿಸಿ ಪದರಗಳ ನಡುವಿನ ಅಂತರ ಅಳೆದು ಇದನ್ನು ಗುರುತಿಸಿದ್ದಾರೆ. ಕೆಯೋಲಿನೈಟಿನಲ್ಲಿ ಆ ಅಂತರ 0.7 ನ್ಯಾನೋಮೀಟರ್, ಇಲೈಟಿನಲ್ಲಿ 1.

ಕಡಲು ಬರೀ ವಿಂಗಡಿಸುವುದಿಲ್ಲ, ಹೊಸ ಖನಿಜವನ್ನೂ ಕಟ್ಟುತ್ತದೆ. ಅದಕ್ಕೆ ಬಿಡುವು ಬೇಕು ಅಷ್ಟೆ. ಹೊಳೆಯ ಹೂಳು ತಲುಪದ ಹೊರ ಶೆಲ್ಫಿನಲ್ಲಿ, ಅಂದರೆ ದಡದಾಚೆಗಿನ ಆಳವಿಲ್ಲದ ಕಡಲತಳದ ಹೊರಭಾಗದಲ್ಲಿ, ಸೂಕ್ಷ್ಮಜೀವಿಗಳ ಖಾಲಿ ಚಿಪ್ಪುಗಳೊಳಗೆ ಕಬ್ಬಿಣ ಮತ್ತು ಪೊಟ್ಯಾಸಿಯಂ ನಿಧಾನವಾಗಿ ಸೇರಿ ಗ್ಲಾಕೊನೈಟ್ ಎಂಬ ಹಸಿರು ಕಾಳುಗಳಾಗುತ್ತವೆ. ಒಂದು ಕಾಳು ಪೂರ್ತಿ ಬಲಿಯಲು ಲಕ್ಷಾಂತರ ವರ್ಷ ಹಿಡಿಯಬಹುದು. ಅಳಿವೆಯ ಎದುರಿನ ಕೆಸರಿನಲ್ಲಿ ಅಂಥ ಪುರಸೊತ್ತಿಲ್ಲ, ಪ್ರತಿ ಮಳೆಗಾಲವೂ ಹೊಸ ಹೂಳು ಬಂದು ಹಳೆಯದನ್ನು ಮುಚ್ಚುತ್ತದೆ.

ಕಡಲ ಕೆಸರಿನಲ್ಲಿ ಹಳೆಯ ಮುಂಗಾರಿನ ಕಥೆ ಓದುವವರಿಗೆ, ಕೆಯೋಲಿನೈಟ್ ದಡದ ಹತ್ತಿರವೇ ಕೂರುತ್ತದೆ ಎಂಬುದು ಬಹಳ ಮುಖ್ಯ. ಕಡಲತಳದಿಂದ ಕೊಳವೆಯಲ್ಲಿ ತೆಗೆದ ಕೆಸರಿನಲ್ಲಿ ಕೆಯೋಲಿನೈಟ್ ಹೆಚ್ಚಿದ್ದರೆ ಆಗ ಮಳೆ ಜೋರಿತ್ತು ಎನ್ನುವುದು ರೂಢಿ. ಆದರೆ ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದಿನ ಶೆಲ್ಫಿನ ಅಂಚಿನ ಹತ್ತಿರವೇ ದಡ, ಅಲ್ಲೇ ಹೊಳೆಗಳ ಬಾಯಿ. ಮಳೆ ಕಡಿಮೆಯಾಗಿದ್ದರೂ ಆ ಜಾಗಕ್ಕೆ ಕೆಯೋಲಿನೈಟ್ ಹೆಚ್ಚು ತಲುಪಿರಬಹುದು. ಆದ್ದರಿಂದ ಮಳೆಯ ಲೆಕ್ಕ ಹಾಕುವ ಮೊದಲು ಆ ಕೆಸರು ಬಿದ್ದಾಗ ದಡ ಎಷ್ಟು ದೂರವಿತ್ತು ಎಂಬುದನ್ನು ತಿಳಿಯಲೇಬೇಕು.