ಕೈಗೆಟಕುವ ಸಾಮಾನು, ಕಾಯುವ ಕಣ್ಣು

ಕೆದಂಬಾಡಿಯಂಥ ಊರಿನ ಹಳೆಯ ಜಿನಸು ಅಂಗಡಿಯಲ್ಲಿ ಗಿರಾಕಿ ಸಾಮಾನನ್ನು ಮುಟ್ಟುತ್ತಿರಲಿಲ್ಲ, ಕೇಳುತ್ತಿದ್ದ. ಅಕ್ಕಿ, ಬೆಲ್ಲ, ಮೆಣಸು ಗೋಣಿಯಲ್ಲಿ. ಪೆಪ್ಪರಮಿಂಟು ಗಾಜಿನ ಭರಣಿಯಲ್ಲಿ. ಅವುಗಳಿಗೂ ಗಿರಾಕಿಗೂ ನಡುವೆ ಒಂದು ಮೇಜು, ಒಂದು ತಕ್ಕಡಿ, ಅದರ ಹಿಂದೆ ಅಂಗಡಿಯ ಯಜಮಾನರು. ಬಂದವರ ಮನೆ ಯಾವುದು, ಹಿಂದಿನ ಬಾಕಿ ಎಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕದಿಯಲು ಅಲ್ಲಿ ಆಸ್ಪದವೇ ಕಡಿಮೆ. ಕದ್ದರೂ ಮರುದಿನ ಉಪ್ಪಿಗೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ಇಂದು ಪುತ್ತೂರು ಪೇಟೆಯಂಥ ಕಡೆಯ ದೊಡ್ಡ ಅಂಗಡಿಗಳಲ್ಲಿ ಬುಟ್ಟಿ ಹಿಡಿದು ನಾವೇ ಸಾಮಾನು ಆರಿಸಿಕೊಳ್ಳುತ್ತೇವೆ. ಕಪಾಟಿಗೆ ಬಾಗಿಲಿಲ್ಲ, ಮೂಲೆಯಲ್ಲಿ ಮಾತ್ರ ಕ್ಯಾಮರಾ ಇದೆ. ಅಂಗಡಿಗಳಲ್ಲಿ ಕಳವಿನ ಸುದ್ದಿ ಬಂದಾಗ 'ಕಾಲ ಕೆಟ್ಟಿತು' ಎನ್ನುವುದು ಸುಲಭ. ಆದರೆ ಕೆಟ್ಟದ್ದು ಕಾಲವೋ, ಬದಲಾದದ್ದು ಅಂಗಡಿಯೋ?

ಅಂಗಡಿಯ ಕಳವು ಹೊಸತೇನೂ ಅಲ್ಲ. ಐದು ಶಿಲ್ಲಿಂಗ್ ಬೆಲೆಯ ಮಾಲನ್ನು ಅಂಗಡಿಯಿಂದ ಕದ್ದವರಿಗೆ ಮರಣದಂಡನೆ ವಿಧಿಸಬಹುದೆಂದು 1699ರಲ್ಲೇ ಇಂಗ್ಲೆಂಡಿನಲ್ಲಿ ಕಾನೂನಾಯಿತು. ಆದರೂ ಕಳವು ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಶಿಕ್ಷೆಯನ್ನೇ ಕೈಬಿಡಬೇಕಾಯಿತು.

ದೊಡ್ಡ ಬದಲಾವಣೆ ಬಂದದ್ದು 1916ರಲ್ಲಿ. ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 'ಪಿಗ್ಲಿ ವಿಗ್ಲಿ' ಎಂಬ ಅಂಗಡಿ ತೆರೆದು, ಗಿರಾಕಿಗಳೇ ಸಾಮಾನು ತೆಗೆದುಕೊಳ್ಳುವ ಏರ್ಪಾಡು ಮಾಡಿದ. ಕೆಲಸದಾಳುಗಳ ಖರ್ಚು ಇಳಿಯಿತು; ಕಣ್ಣಿಗೆ ಬಿದ್ದದ್ದಕ್ಕೆಲ್ಲ ಕೈ ಹೋಗುವುದರಿಂದ ವ್ಯಾಪಾರ ಏರಿತು. ಆದರೆ ಕೊಳ್ಳುವ ಆಸೆಯನ್ನು ಕೆರಳಿಸುವ ಜೋಡಣೆಯೇ ಕದಿಯುವ ಆಸೆಯನ್ನೂ ಕೆರಳಿಸುತ್ತದೆ. ಲಾಭ ಮತ್ತು ಕಳವು ಎರಡೂ ಅದೇ ತೆರೆದ ಕಪಾಟಿನಿಂದ ಬಂದವು.

ಕದಿಯುವವರು ಯಾರು? ಷಿಕಾಗೋದ ಅಂಗಡಿಗಳನ್ನು ಅಭ್ಯಸಿಸಿ ಮೇರಿ ಓವೆನ್ ಕ್ಯಾಮರಾನ್ 1964ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ, ಮಾರಲೆಂದೇ ಕದಿಯುವ ವೃತ್ತಿಗಾರರು ಕೆಲವರು ಮಾತ್ರ. ಹೆಚ್ಚಿನವರು ತಮ್ಮ ಉಪಯೋಗಕ್ಕಾಗಿ ಕದಿಯುವ ಸಾಮಾನ್ಯ ಜನ. ತಾವು ಕಳ್ಳರೆಂದು ಅವರು ಎಣಿಸಿಯೇ ಇರುವುದಿಲ್ಲ. ಒಮ್ಮೆ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಮತ್ತೆ ಆ ದಾರಿಗೆ ಹೋಗರು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2024ರಲ್ಲಿ ಪೊಲೀಸರು ದಾಖಲಿಸಿದ ಇಂಥ ಪ್ರಕರಣಗಳು ಐದು ಲಕ್ಷ ಮೀರಿದವು. ಬೆಲೆಯೇರಿಕೆ, ಕದ್ದ ಮಾಲನ್ನು ಮಾರುವ ತಂಡಗಳು, ಗಿರಾಕಿಯೇ ಬಿಲ್ಲು ಮಾಡಿಕೊಳ್ಳುವ ಯಂತ್ರ, ಸಣ್ಣ ಕಳವಿಗೆ ಪೊಲೀಸರು ಬಾರರೆಂಬ ಧೈರ್ಯ, ಇವೆಲ್ಲ ಅದಕ್ಕೆ ಅಲ್ಲಿ ಹೇಳಲಾಗುವ ಕಾರಣಗಳು.

ತಡೆಯುವ ಉಪಾಯಗಳೂ ಹಲವು. ಚೀಲವನ್ನು ಬಾಗಿಲಲ್ಲೇ ಇಟ್ಟು ಟೋಕನ್ ಪಡೆಯುವುದು, ಹೊರಡುವಾಗ ಬಿಲ್ಲಿಗೆ ತೂತು ಹಾಕುವುದು, ಮೂಲೆಗೆ ಉಬ್ಬುಕನ್ನಡಿ, ಬೆಲೆಬಾಳುವ ಸಣ್ಣ ವಸ್ತುಗಳನ್ನು ಗಲ್ಲಾಪೆಟ್ಟಿಗೆಯ ಬಳಿ ಇಡುವುದು ನಮಗೆ ಪರಿಚಿತ. ಬಟ್ಟೆಗೆ ಸಿಕ್ಕಿಸುವ ಗಟ್ಟಿ ಬಿಲ್ಲೆ 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಬಾಗಿಲಿನ ಕಂಬಗಳು ಹೊರಡಿಸುವ ಅಲೆಗಳಿಗೆ ಬಿಲ್ಲೆ ಮಾರ್ನುಡಿದರೆ ಗಂಟೆ ಮೊಳಗುತ್ತದೆ. ದುಡ್ಡು ಕೊಟ್ಟಾಗ ಅದನ್ನು ಕಳಚುತ್ತಾರೆ. ಇಷ್ಟೆಲ್ಲ ಇದ್ದರೂ 'ಏನು ಬೇಕಿತ್ತು?' ಎಂದು ಹತ್ತಿರ ಬಂದು ಕೇಳುವ ಕೆಲಸದವರು ಅಗ್ಗದ, ಒಳ್ಳೆಯ ಕಾವಲು. ಹಳೆಯ ಯಜಮಾನರ ಪರಿಚಯದ ನೋಟವೇ ಅದು.

ತುಳುನಾಡಿಗೆ ಇನ್ನೊಂದು ಕಾವಲೂ ಉಂಟು. ವಸ್ತು ಕಳೆದರೆ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆಯ ಹರಕೆ ಹೇಳುವ ರೂಢಿ ಇಲ್ಲಿಯದು. ಕಾಸರಗೋಡು ಜಿಲ್ಲೆಯ ಕಾನತ್ತೂರಿನ ದೈವಗಳ ಬಳಿ ದೂರು ಕೊಂಡೊಯ್ಯುತ್ತೇನೆ ಎಂದರೇ ನಡುಗುವವರಿದ್ದಾರೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಈ ಭಯದ ರೀತಿಯನ್ನು ಮಾತ್ರ ಗಮನಿಸಬೇಕು. ಹರಕೆಯ ಸುದ್ದಿ ಹಬ್ಬಿದ ಮೇಲೆ ತೆಗೆದವನು ವಸ್ತುವನ್ನು ರಾತ್ರಿ ಸದ್ದಿಲ್ಲದೆ ಜಗಲಿಯ ಮೇಲಿಟ್ಟು ಹೋಗಬಹುದು. ಯಾರ ಹೆಸರೂ ಹೊರಬರುವುದಿಲ್ಲ. ಭಯದ ಜೊತೆಗೇ ಹಿಂದೆ ಬರಲು ಒಂದು ದಾರಿ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲೂ ಇದೇ ಧೋರಣೆಯಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಕದ್ದು ಮೊದಲ ಸಲ ಶಿಕ್ಷೆಗೆ ಗುರಿಯಾದವರು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಐದು ಶಿಲ್ಲಿಂಗಿನ ನೇಣಿನಿಂದ ಇಲ್ಲಿಗೆ ಬರಲು ಮೂರು ಶತಮಾನ ಬೇಕಾಯಿತು.

ಈ ದಾರಿಯನ್ನು ಮುಚ್ಚುವ ಒಂದು ಚಾಳಿ ಈಗ ಬೆಳೆಯುತ್ತಿದೆ. ಸಿಕ್ಕಿಬಿದ್ದವರ ಚಿತ್ರವನ್ನು ಗೋಡೆಗೆ ಅಂಟಿಸುವುದು, ಕ್ಯಾಮರಾದ ದೃಶ್ಯವನ್ನು ವಾಟ್ಸಾಪ್‌ನಲ್ಲಿ ಊರಿಡೀ ಹಂಚುವುದು. ಹದಿನೆಂಟು ತುಂಬದವರ ಗುರುತನ್ನು ಹೀಗೆ ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯಂತೆ ಅಪರಾಧ. ಚಾಕಲೇಟು ಕದ್ದ ಹುಡುಗನ ತಪ್ಪು ಅರ್ಧ ಗಂಟೆಯದು. ಆ ದೃಶ್ಯ ಅವನ ಮದುವೆಯ ದಿನಕ್ಕೂ ಉಳಿದೀತು. ಹಳೆಯ ಯಜಮಾನರಾಗಿದ್ದರೆ ಹುಡುಗನನ್ನು ಗದರಿಸಿ, ಸಂಜೆ ಅಪ್ಪನಿಗೆ ಹೇಳಿ, ಮರುದಿನ ಅವನಿಗೇ ಸಾಮಾನು ಕಟ್ಟಿಕೊಡುತ್ತಿದ್ದರು. ಅಂಗಡಿಗೆ ಕಾವಲು ಬೇಕು, ನಿಜ. ಆದರೆ ಕ್ಯಾಮರಾಕ್ಕೆ ಕಾಣುವುದು ಕದ್ದ ಕೈ ಮಾತ್ರ. ಅದು ಯಾರ ಮನೆಯ ಮಗುವಿನ ಕೈ ಎಂದು ನೋಡಬೇಕಾದವರು ಈಗಲೂ ಮನುಷ್ಯರೇ.